ಅಣ್ಣನಿಗೆ ಯಾವ ಗಾಲಿಕುರ್ಚಿ? ಬಳಸಿದವರು ಅನುಭವ ತಿಳಿಸಿ

ವಿಜಯಪುರದ ತಂಗಿ: ಡಿಸೆಂಬರಿನಲ್ಲಿ ಮನೆಯವರೆಲ್ಲ ಆಲಮಟ್ಟಿಯ ರಾಕ್ ಗಾರ್ಡನ್, ಸಂಗೀತ ಕಾರಂಜಿ ನೋಡಿಕೊಂಡು ಪಟ್ಟದಕಲ್ಲಿಗೆ ಹೋಗಲಿದ್ದೇವೆ. ಅಪಘಾತದ ನಂತರ ಅಣ್ಣನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ, ಕೈಗಳು ಗಟ್ಟಿಯಾಗಿವೆ. ದಿನವಿಡೀ ಸುತ್ತಾಡಲು ಕೈಯಿಂದ ನಡೆಸುವ ಕುರ್ಚಿಯೋ, ಬ್ಯಾಟರಿಯದೋ? ನಲವತ್ತು ಸಾವಿರ ಕೂಡಿಸಿದ್ದೇವೆ.

ಮುಧೋಳದ ಅಂಗಡಿಕಾರ: ಕೈಯಿಂದ ನಡೆಸುವುದನ್ನೇ ಕೊಳ್ಳಿ. ಹೆಂಡತಿಗೆ 2019ರಲ್ಲಿ 7,800 ರೂಪಾಯಿಗೆ ಉಕ್ಕಿನದು ತಂದೆ, ಹದಿನೆಂಟು ಕಿಲೋ. ಪಟ್ಟದಕಲ್ಲಿಗೆ ಹೊರಟ ದಿನ ಬುತ್ತಿ ಬಿಚ್ಚಲು ದಾರಿಯಲ್ಲಿ ಇಳಿದೆವು, ಅಲ್ಲಿಯೇ ಜಾಲಿಮುಳ್ಳು ಹೊಕ್ಕಿತು. ಪಂಕ್ಚರ್ ಹಾಕಿಸಿದರೆ ಸಂಜೆಗೆ ಇನ್ನೊಂದು ಚಕ್ರ. ಆ ವರ್ಷ ಒಂಬತ್ತು ಪಂಕ್ಚರ್, ಎರಡು ಟ್ಯೂಬ್, ಒಟ್ಟು 1,060 ರೂಪಾಯಿ. ಬೇಸತ್ತು 2,400 ಕೊಟ್ಟು ಗಟ್ಟಿ ರಬ್ಬರಿನ ಟೈರು ಹಾಕಿಸಿದೆ. ಮುಳ್ಳಿನ ಕಾಟ ತಪ್ಪಿತು, ಆದರೆ ಹಾಸುಗಲ್ಲಿನ ಒಂದೊಂದು ಸಂದೂ ಅವಳ ಬೆನ್ನಿಗೆ ಬಡಿಯಿತು. ಮತ್ತೆ ಗಾಳಿಯ ಟೈರಿಗೇ ಬಂದೆ. ಈಗ ಪಂಪು ಚೀಲದಲ್ಲಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಬ್ಯಾಟರಿಯೆಲ್ಲ ದುಡ್ಡಿದ್ದವರ ಶೋಕಿ.

ಚಿಕ್ಕೋಡಿಯ ಓದುಗಿ: ಶೋಕಿ ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ನೀವು ತಳ್ಳುವವರು, ನಾನು ಕುಳಿತವಳು. ಪೋಲಿಯೊ ಕಾಲು ಕಸಿಯಿತು, ಇಪ್ಪತ್ತು ವರ್ಷ ಚಕ್ರ ತಿರುವಿ ಭುಜವೂ ಹೋಯಿತು. ಸಾಲ ಮಾಡಿ 68,000ಕ್ಕೆ ಬ್ಯಾಟರಿ ಕುರ್ಚಿ ಕೊಂಡೆ. ಹದಿನಾಲ್ಕೇ ತಿಂಗಳಿಗೆ ಬ್ಯಾಟರಿ ಸತ್ತಿತು. ಅದಕ್ಕೆ ಖಾತರಿ ಆರೇ ತಿಂಗಳೆಂದು ಮಾರಿದವರು ಆಗ ಬಾಯಿಬಿಟ್ಟರು. ಮತ್ತೆ 11,500. ಒಮ್ಮೆ ಏರಿನಲ್ಲಿ ನಿಂತುಬಿಟ್ಟಾಗ ನಾಲ್ವರು ಎತ್ತಿದರು. ಮೋಟಾರಿನ ಹಿಡಿತ ಬಿಡಿಸುವ ಸನ್ನೆಕೋಲು ಹಿಂಬದಿಯಲ್ಲಿದೆ, ಅದನ್ನು ಎಳೆದರೆ ತಳ್ಳಬಹುದು ಎಂದು ಯಾರೂ ಹೇಳಿರಲಿಲ್ಲ. ಇಷ್ಟಾದರೂ ಅದನ್ನು ಮಾರುವುದಿಲ್ಲ. ಕಾರಂಜಿಯ ಮುಂದೆ ನನಗೆ ಬೇಕಾದ ಕಡೆ ನಾನೇ ಮುಖ ತಿರುಗಿಸಿಕೊಂಡೆ. ಬೆನ್ನ ಹಿಂದೆ ಯಾರ ಕೈಯೂ ಇರಲಿಲ್ಲ.

ಬಾದಾಮಿಯ ನಿವೃತ್ತ ಶಿಕ್ಷಕ: ಸಾಲಕ್ಕೆ ಮೊದಲು, ಅಂಗವಿಕಲರಿಗೆ ಸಲಕರಣೆ ಕೊಡುವ ಕೇಂದ್ರದ ಎಡಿಐಪಿ ಯೋಜನೆಯನ್ನು ನೋಡಬಾರದಿತ್ತೆ? ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು, ಆದಾಯ ಪ್ರಮಾಣಪತ್ರ ಹಿಡಿದು ಮೂರು ಶಿಬಿರ ಅಲೆದೆ, ಹನ್ನೊಂದು ತಿಂಗಳು ಕಾದೆ, ಬ್ಯಾಟರಿ ತ್ರಿಚಕ್ರ ಸಿಕ್ಕಿತು. ಅದು ದೇವಸ್ಥಾನದ ಬಾಗಿಲಲ್ಲಿ ಹಿಡಿಸದು ನಿಜ. ಒಳಗೆ ಮಗ ನನ್ನನ್ನು ಹೊರುತ್ತಾನೆ. ಗೋಳಗುಮ್ಮಟದ ಏಳು ಅಂತಸ್ತನ್ನೂ ಬೆನ್ನ ಮೇಲೆ ಹೊತ್ತೇ ಹತ್ತಿಸಿದ.

ಚಿಕ್ಕೋಡಿಯ ಓದುಗಿ: ನಾನೂ ಶಿಬಿರಕ್ಕೆ ಹೋಗಿದ್ದೆ ಗುರುಗಳೇ. ಅಂಗವೈಕಲ್ಯದ ಪ್ರಮಾಣ ಸಾಲದೆಂದು ಹಿಂದಕ್ಕೆ ಕಳುಹಿಸಿದರು. ಹೊರುವುದನ್ನು ಇಲ್ಲಿ ಸಲಹೆಯಾಗಿ ಕೊಡಬೇಡಿ. ಹೊತ್ತವರಿಗೆ ದಣಿವಾದ ಕ್ಷಣ ನಮ್ಮ ನೋಟವೂ ಮುಗಿಯುತ್ತದೆ.

ಬಾದಾಮಿಯ ನಿವೃತ್ತ ಶಿಕ್ಷಕ: ಮಗನ ಬಗ್ಗೆ ಹಾಗೆ ಹೇಳಬೇಡಿ ತಾಯಿ. ಮೂವತ್ತು ವರ್ಷ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಅವರು ಮೇಲೆ ಹತ್ತಿ ಕೂಗುವಾಗ ಕೆಳಗೆ ಹುಲ್ಲಿನ ಮೇಲೆ ಕಾದಿದ್ದೇನೆ. ಪಿಸುಗುಟ್ಟುವ ಮೊಗಸಾಲೆಯಲ್ಲಿ ಆಚೆ ಬದಿಯಿಂದ ಮಗ "ಅಪ್ಪಾ" ಎಂದದ್ದು ಗೋಡೆಯಿಂದ ನನ್ನ ಕಿವಿಗೆ ಬಂದಿತು.

ಮುಧೋಳದ ಅಂಗಡಿಕಾರ: ಶೋಕಿ ಎಂದದ್ದು ತಪ್ಪಾಯಿತು. ಟೈರಿನ ಮಾತು ಮಾತ್ರ ಬಿಡೆನು. ತಂಗಿ, ಅಣ್ಣನಿಗೆ ಸ್ಪರ್ಶ ತಿಳಿಯದಿದ್ದರೆ ಮೊದಲು ಕುರ್ಚಿಯಲ್ಲಿ ಕೂರಲು ಒಳ್ಳೆಯ ದಿಂಬು ಕೊಳ್ಳಿ. ನಾವು 900 ರೂಪಾಯಿಯ ಸ್ಪಂಜಿನಲ್ಲಿ ಉಳಿತಾಯ ಮಾಡಿದೆವು. ಕೂತಲ್ಲೇ ಒತ್ತಿ ಹುಣ್ಣಾಗಿ ನಾಲ್ಕು ತಿಂಗಳು ಅವಳು ಬೋರಲು ಮಲಗಿದ್ದಳು.