ಕೋರೆ ಸ್ಫೋಟಕ್ಕೆ ಗೋಡೆ ಬಿರುಕು, ವಿಮೆ ಸಿಗುತ್ತಾ?

ಪ್ರಶ್ನೆ (ಬದಿಯಡ್ಕ, ಕೇರಳದ ಕಾಸರಗೋಡು ಜಿಲ್ಲೆ): ಕಪ್ಪುಕಲ್ಲಿನ ಕೋರೆ ನಮ್ಮ ಮನೆಯಿಂದ ಹೆಚ್ಚೆಂದರೆ 120 ಮೀಟರ್. ಮಧ್ಯಾಹ್ನ ಸ್ಫೋಟ ಆದರೆ ಅಟ್ಟದ ಪಾತ್ರೆಯೆಲ್ಲ ಗಲಗಲ. ಅಡುಗೆಮನೆ ಗೋಡೆ ಬಿರುಕು ಬಿಟ್ಟಿದೆ. ವಿಮೆಯವರು ಆಗಲ್ಲ ಅಂದರು. ಗಣಿ, ವಿಮೆ ಎರಡರ ನಿಯಮವನ್ನೂ ನಮ್ಮ ಶಾಸಕರು ಬದಲಿಸಬಹುದಲ್ವಾ?

ಉತ್ತರ (ಮುಳ್ಳೇರಿಯ): ಕೋರೆಯದ್ದು ಹೌದು, ವಿಮೆಯದ್ದು ಅಲ್ಲ ಅಣ್ಣ. ಕಲ್ಲು ಕಿರು ಖನಿಜ. ಅದರ ನಿಯಮ ಮಾಡುವ ಅಧಿಕಾರವನ್ನು 1957ರ ಕೇಂದ್ರ ಕಾಯ್ದೆಯೇ ರಾಜ್ಯಕ್ಕೆ ಕೊಟ್ಟಿದೆ. ಕೇರಳದಲ್ಲಿ ಮನೆಗೂ ಕೋರೆಗೂ ನಡುವೆ 50 ಮೀಟರ್ ಸಾಕು ಅಂತಿತ್ತು. ಸ್ಫೋಟ ಇದ್ದರೆ 200 ಬೇಕು ಅಂತ 2020ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. ಅದೂ ಕೋರ್ಟಿಗೆ ಹೋಯಿತು ಬಿಡಿ. ವಿಮೆಯ ನಿಯಮ ಹೈದರಾಬಾದಿನಲ್ಲಿರುವ ಕೇಂದ್ರದ ವಿಮಾ ನಿಯಂತ್ರಣ ಪ್ರಾಧಿಕಾರದ ಕೈಯಲ್ಲಿ.

ಉತ್ತರ (ಕುಂಬಳೆ): ಪಾಲಿಸಿಯ ಸಣ್ಣ ಅಕ್ಷರ ಓದಿ. ‘ಭಾರತ್ ಗೃಹ ರಕ್ಷಾ’ ಎಂಬ ಮನೆ ವಿಮೆಯಲ್ಲಿ ಭೂಕುಸಿತಕ್ಕೆ ಪರಿಹಾರ ಇದೆ, ಅಗೆತದಿಂದ ಆದ ಕುಸಿತಕ್ಕೆ ಇಲ್ಲ. ಬಿರುಕಿನ ಫೋಟೋ ಇದೆಯಾ?

ಬದಿಯಡ್ಕ: ಎಲ್ಲಿದೆ! ಹಬ್ಬಕ್ಕೆಂದು ಸುಮ್ನೆ ಸುಣ್ಣ ಬಳಿದುಬಿಟ್ಟೆ.