ಬಾಲ್ಕನಿ ರೇಲಿಂಗ್‌ಗೆ 12 ಎಂಎಂ ಟಫನ್ಡ್ ಗಾಜು ಸಾಕಾ, ಲ್ಯಾಮಿನೇಟೆಡ್ ಬೇಕಾ?

ಪ್ರಶ್ನೆ:
ನಮಸ್ಕಾರ. ಎರಡನೇ ಮಹಡಿ ಬಾಲ್ಕನಿಗೆ ಗಾಜಿನ ರೇಲಿಂಗ್ ಹಾಕಿಸುತ್ತಿದ್ದೇವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಗಾಜಿನ ಕೆಲಸದವರು "12 ಎಂಎಂ ಟಫನ್ಡ್ ಹಾಕಿ, ಎಷ್ಟು ಗುದ್ದಿದರೂ ಏನೂ ಆಗಲ್ಲ, ಲ್ಯಾಮಿನೇಟೆಡ್ ಸುಮ್ನೆ ದುಡ್ಡು ದಂಡ" ಅನ್ನುತ್ತಾರೆ. ಲ್ಯಾಮಿನೇಟೆಡ್ ಅಂದರೆ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ ಎರಡು ಗಾಜಿನ ಹಾಳೆಯಂತೆ. ಆದರೆ ಟಫನ್ಡ್ ಗಾಜು ಯಾರೂ ಮುಟ್ಟದೆ ತಾನಾಗಿಯೇ ಒಡೆಯುತ್ತದೆ ಅಂತಲೂ ಕೇಳಿದ್ದೇನೆ. ಯಾವುದು ನಿಜ?

ಉತ್ತರ 1:
ಎರಡೂ ಸ್ವಲ್ಪ ಸ್ವಲ್ಪ ನಿಜ. ಟಫನ್ಡ್ ಮಾಡುವಾಗ ಗಾಜನ್ನು 600 ಡಿಗ್ರಿಗಿಂತ ಜಾಸ್ತಿ ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಹೊಡೆದು ತಣ್ಣಗೆ ಮಾಡುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ಆಮೇಲೆ ಕುಗ್ಗುತ್ತಾ ಮೇಲ್ಮೈಯನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದಲೇ ಮಾಮೂಲಿ ಗಾಜಿಗಿಂತ ನಾಲ್ಕೈದು ಪಟ್ಟು ಶಕ್ತಿ ಬರುವುದು. ಆದರೆ ಒಂದು ಬಿರುಕು ಆ ಒತ್ತಡದ ಪದರ ದಾಟಿ ಒಳಗೆ ಹೋದರೆ ಮುಗೀತು, ಇಡೀ ಹಾಳೆ ಒಂದೇ ಸಲ ಪುಡಿಪುಡಿ. ನಡುವೆ ಗುದ್ದಿದರೆ ತಡೆಯುವ ಗಾಜು ಅಂಚಿಗೋ ಮೂಲೆಗೋ ಸಣ್ಣ ಏಟು ಬಿದ್ದರೂ ಹೋಗಬಹುದು.

ಆ ಚೂರುಗಳು ಚಾಕುವಿನ ಹಾಗೆ ಚೂಪಾಗಿರುವುದಿಲ್ಲ, ಹಾಗಾಗಿ ಬಾಗಿಲಿಗೆ, ಸ್ನಾನದ ಮನೆಗೆ ಒಳ್ಳೆಯದೇ. ರೇಲಿಂಗ್‌ನಲ್ಲಿ ಅಪಾಯ ಬೇರೆ. ಗಾಜು ಉದುರಿದ ಮೇಲೆ ಮಗು ಮತ್ತು ಕೆಳಗಿನ ನೆಲದ ನಡುವೆ ಏನೂ ಇರುವುದಿಲ್ಲ, ಅಲ್ವಾ? "ಎಷ್ಟು ಗಟ್ಟಿ" ಅಂತ ಕೇಳುವುದಕ್ಕಿಂತ "ಒಡೆದ ಮೇಲೆ ಏನಾಗುತ್ತದೆ" ಅಂತ ಕೇಳಿ. ನನ್ನ ಪ್ರಕಾರ ಮಕ್ಕಳಿರುವ ಮನೆಗೆ ಒಂಟಿ ಟಫನ್ಡ್ ಹಾಳೆ ಬೇಡವೇ ಬೇಡ, ಲ್ಯಾಮಿನೇಟೆಡ್ ಹಾಕಿಸಿ, ಒಡೆದರೂ ಚೂರುಗಳು ನಡುವಿನ ಪದರಕ್ಕೆ ಅಂಟಿಕೊಂಡಿರುತ್ತವೆ.

ಉತ್ತರ 2:
ತಾನಾಗಿ ಒಡೆಯುವುದಕ್ಕೆ ಎಷ್ಟೋ ಸಲ ಅಂಚಿನ ಪೆಟ್ಟು ಅಥವಾ ಕ್ಲ್ಯಾಂಪ್‌ನ ಲೋಹ ಗಾಜಿಗೆ ನೇರ ತಾಗುತ್ತಿರುವುದು ಕಾರಣ. ಇನ್ನೊಂದು, ನಿಕ್ಕಲ್ ಸಲ್ಫೈಡ್ ಕಣ. ಗಾಜು ತಯಾರಾಗುವಾಗಲೇ ಒಳಗೆ ಸೇರಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದು ಕಷ್ಟ. ಇದಕ್ಕೆ ಸುಮಾರು 379 ಡಿಗ್ರಿಗಿಂತ ಮೇಲೆ ಒಂದು ರೂಪ, ಕೆಳಗೆ ಇನ್ನೊಂದು ರೂಪ. ಗಾಜನ್ನು ದಿಢೀರನೆ ತಣಿಸಿದಾಗ ರೂಪ ಬದಲಿಸಲು ಸಮಯ ಸಿಗದೆ ಹಾಗೇ ಸಿಕ್ಕಿಕೊಂಡು, ತಿಂಗಳುಗಳೋ ವರ್ಷಗಳೋ ಆದ ಮೇಲೆ ನಿಧಾನವಾಗಿ ಬದಲಾಗಿ ಹಿಗ್ಗುತ್ತದೆ. ಆಗ ಯಾರೂ ಮುಟ್ಟದಿದ್ದರೂ ಢಮಾರ್. ಹೀಟ್ ಸೋಕ್ ಮಾಡಿಸಿದ ಗಾಜನ್ನೇ ಕೇಳಿ. ಅಂದರೆ ಟಫನ್ಡ್ ಆದ ಗಾಜನ್ನು ಮತ್ತೆ 250 ಡಿಗ್ರಿಗಿಂತ ಮೇಲೆ ಕೆಲವು ಗಂಟೆ ಕಾಯಿಸಿ ಇಂಥ ಹಾಳೆಗಳು ಫ್ಯಾಕ್ಟರಿಯಲ್ಲೇ ಒಡೆಯುವ ಹಾಗೆ ಮಾಡುತ್ತಾರೆ. ಅಪಾಯ ಬಹಳ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಹಾಗಾದರೆ 6+6 (6 ಎಂಎಂನ ಎರಡು ಹಾಳೆ) ಲ್ಯಾಮಿನೇಟೆಡ್ ಹಾಕಿದರೆ 12 ಎಂಎಂನಷ್ಟೇ ಗಟ್ಟಿ ಇರುತ್ತದಾ? ಆರ್ಡರ್ ಕೊಡುವ ಮುಂಚೆ ಏನು ನೋಡಬೇಕು?

ಉತ್ತರ 3:
ಅಷ್ಟೇ ಗಟ್ಟಿ ಇರುವುದಿಲ್ಲ. ನಡುವೆ ಸಾಮಾನ್ಯವಾಗಿ ಹಾಕುವ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ ಮೆತ್ತಗಿನದು, ಬಿಸಿಲಿಗೆ ಇನ್ನೂ ಮೆತ್ತಗಾಗುತ್ತದೆ, ಆಗ ಎರಡು ಹಾಳೆ ಒಂದಾಗಿ ಕೆಲಸ ಮಾಡುವುದಿಲ್ಲ. ಟಫನ್ಡ್ ಮಾಡಿದರೆ ಗಾಜು ಬಾಗುವುದು ಕಡಿಮೆ ಆಗುವುದಿಲ್ಲ ಅನ್ನುವುದೂ ನೆನಪಿರಲಿ, ಶಕ್ತಿ ಮಾತ್ರ ಹೆಚ್ಚುವುದು. ಹಾಗಾಗಿ ದಪ್ಪವನ್ನು ಎತ್ತರ, ಗಾಳಿ, ಹಿಡಿತದ ರೀತಿ ನೋಡಿ ಎಂಜಿನಿಯರ್ ಲೆಕ್ಕ ಹಾಕಿ ಹೇಳಲಿ.

ಎರಡೂ ಹಾಳೆ ಟಫನ್ಡ್ ಆಗಿದ್ದು, ಕೆಳಗಿನಿಂದ ಮಾತ್ರ ಹಿಡಿದಿದ್ದರೆ ಇನ್ನೊಂದು ತೊಂದರೆ ಇದೆ. ಎರಡೂ ಒಟ್ಟಿಗೆ ಒಡೆದರೆ ಪಿವಿಬಿ ಇದ್ದರೂ ಒದ್ದೆ ಕಂಬಳಿಯ ಹಾಗೆ ಜೋತು ಬೀಳುತ್ತದೆ. ಪಿವಿಬಿ ಬದಲು ಹಾಕುವ ಎಸ್‌ಜಿಪಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಪದರ ಬಹಳ ಗಡಸು, ಒಡೆದ ಮೇಲೂ ನಿಲ್ಲುತ್ತದೆ. ಅದು ಆಗದಿದ್ದರೆ ಮೇಲೆ ಒಂದು ಹ್ಯಾಂಡ್‌ರೇಲ್ (ಕೈ ಹಿಡಿಯುವ ಪಟ್ಟಿ) ಕೊಟ್ಟು ಎರಡೂ ತುದಿ ಗೋಡೆಗೆ ಗಟ್ಟಿಯಾಗಿ ಕಟ್ಟಿಸಿ.

ನೋಡುವುದು ಅಂದರೆ, ಮೂಲೆಯಲ್ಲಿ ಟಫನ್ಡ್ ಅಂತ ತೋರಿಸುವ ಅಳಿಸಲಾಗದ ಮಾರ್ಕ್ ಇರಬೇಕು. ಅಂಚು ಪಾಲಿಶ್ ಆಗಿರಬೇಕು, ಚಕ್ಕೆ ಎದ್ದಿರಬಾರದು. ತೂತುಗಳೆಲ್ಲ ಟಫನಿಂಗ್‌ಗೆ ಮುಂಚೆಯೇ ಆಗಬೇಕು, ಆಮೇಲೆ ಕೊರೆದರೆ ಒಡೆಯುತ್ತದೆ, ಅದಕ್ಕೇ ಅಳತೆ ಮತ್ತೊಮ್ಮೆ ನೋಡಿ. ಪೋಲರೈಸ್ಡ್ ಕನ್ನಡಕ ಹಾಕಿದಾಗ ಮಚ್ಚೆ ಮಚ್ಚೆ ಕಂಡರೆ ಹೆದರಬೇಡಿ, ಟಫನ್ಡ್ ಗಾಜಿನಲ್ಲಿ ಅದು ಸಹಜ. ಪದರದೊಳಗೆ ಗುಳ್ಳೆ ಕಂಡರೆ ಮಾತ್ರ ವಾಪಸ್ ಕಳಿಸಿ. ಹುಳಿ ವಾಸನೆ ಬರುವ ಸಿಲಿಕೋನ್ ಅಂಚಿಗೆ ಬಳಸಬಾರದು, ನ್ಯೂಟ್ರಲ್ ಸಿಲಿಕೋನ್ ಕೇಳಿ. ಗಾಜು ಕೂರಿಸುವ ಕೆಳಗಿನ ಚಾನೆಲ್‌ನಲ್ಲಿ ನೀರು ಹೋಗಲು ತೂತು ಬಿಡಿಸಿ, ಅಲ್ಲಿ ನೀರು ನಿಂತರೆ ಕೆಲವು ವರ್ಷದಲ್ಲಿ ಅಂಚು ಬೆಳ್ಳಗಾಗಿ ಪದರ ಬಿಡಲು ಶುರುವಾಗುತ್ತದೆ.