ಸಹಾಯ ಬೇಕು: ಹಳೇ ಸೂಪರ್ ಫ್ಯಾಮಿಕಾಮ್ (ನಿಂಟೆಂಡೊದ ಗೇಮ್ ಯಂತ್ರ) ಕಾರ್ಟ್ರಿಡ್ಜ್‌ನಲ್ಲಿರುವ ಸೇವ್ (ಆಡಿದಷ್ಟು ಆಟದ ದಾಖಲೆ) ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಒಸಾಕಾದಲ್ಲಿದ್ದೇನೆ. ಹೋದ ತಿಂಗಳು ನಿಪ್ಪೊನ್‌ಬಾಶಿಯ ಹಳೇ ಗೇಮ್ ಅಂಗಡಿಯೊಂದರಲ್ಲಿ ಡ್ರ್ಯಾಗನ್ ಕ್ವೆಸ್ಟ್ 5 ಅನ್ನೋ ಗೇಮ್ ಸಿಕ್ಕಿತು. 1992ರದ್ದು, ಡಬ್ಬ ಇಲ್ಲ, ಬರೀ ಕಾರ್ಟ್ರಿಡ್ಜ್. ಮನೆಗೆ ತಂದು ಹಾಕಿ ನೋಡಿದರೆ ಹಿಂದೆ ಯಾರೋ ಆಡಿದ್ದ ಸೇವ್ ಇನ್ನೂ ಹಾಗೇ ಇದೆ! ನಾಯಕನಿಗೆ ಹಿರಗಾನ ಅನ್ನೋ ಜಪಾನಿ ಲಿಪಿಯಲ್ಲಿ ಹೆಸರಿಟ್ಟು, ಮದುವೆ ಮಾಡಿಸಿ, ಮಕ್ಕಳಾಗುವವರೆಗೂ ಆಡಿದ್ದಾರೆ. ಅದನ್ನು ಅಳಿಸಲು ನನಗೆ ಮನಸ್ಸೇ ಬರುತ್ತಿಲ್ಲ.

ತೊಂದರೆ ಏನಂದ್ರೆ, ಈ ಸೇವ್ ನಿಂತಿರುವುದೇ ಒಳಗಿರುವ ಒಂದು ಗುಂಡಿ ಬ್ಯಾಟರಿಯ ಮೇಲೆ, ಅದು ಮುಗಿದರೆ ಎಲ್ಲಾ ಹೋಯ್ತು. 30 ವರ್ಷ ದಾಟಿದೆ ಅಲ್ವಾ, ಇನ್ನು ಜಾಸ್ತಿ ದಿನ ಬರುತ್ತದೆ ಅನ್ನಿಸುವುದಿಲ್ಲ. ಸುಮ್ನೆ ಕಿತ್ತು ಹೊಸದು ಹಾಕುವಂತಿಲ್ಲ, ಬೆಸುಗೆ ಬಿಡಿಸಬೇಕು, ಆ ಹೊತ್ತಿನಲ್ಲಿ ಕರೆಂಟ್ ತಪ್ಪಿದರೂ ಸೇವ್ ಅಳಿಸಿಹೋಗುತ್ತದೆ.

ಸ್ಕ್ರೂ ಬಿಚ್ಚಲು 3.8 ಎಂಎಂ ಬಿಟ್ ತಂದಿದ್ದೇನೆ. ಸಾಲ್ಡರಿಂಗ್ ಸ್ವಲ್ಪ ಬರುತ್ತದೆ, ಆದರೆ ಇದರ ಮೇಲೆ ಕಲಿಯಲು ಭಯ. ಪಕ್ಕದಲ್ಲಿ ಇನ್ನೊಂದು ಬ್ಯಾಟರಿ ಜೋಡಿಸಿಟ್ಟು ಹಳೇದನ್ನು ಬದಲಾಯಿಸಿದವರು ಯಾರಾದರೂ ಇದ್ದೀರಾ? ಅಥವಾ ಸೇವ್ ಅನ್ನು ಮೊದಲು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಕಾರ್ಟ್ರಿಡ್ಜ್ ರೀಡರ್ ಒಸಾಕಾ, ಕೋಬೆ ಕಡೆ ಯಾರ ಹತ್ತಿರವಾದರೂ ಇದೆಯಾ? ಒಂದು ಸಂಜೆ ಕೊಟ್ಟರೆ ಸಾಕು, ನಾನೇ ಬರುತ್ತೇನೆ.